ಮಂಜೇಶ್ವರ ಸೀಮೆಯ ತರಕಾರಿಗಳು: ಹೆಸರುಗಳಲ್ಲಿ ಉಳಿದ ಇತಿಹಾಸ

ಕನ್ನಡದ ಹಳೆಯ ಕವಿಗಳು ನಾಯಿಕೆಯ ತುಟಿಯನ್ನು ವರ್ಣಿಸಹೊರಟಾಗ ತೊಂಡೆಯ ಹಣ್ಣನ್ನು ನೆನೆಯದೆ ಬಿಟ್ಟವರಲ್ಲ. ಈ ಉಪಮೆಯನ್ನು ಮಂಜೇಶ್ವರದ ಒಂದು ತರಗತಿಯಲ್ಲಿ ವಿವರಿಸುತ್ತ, "ತೊಂಡೆ ಎಂದರೆ ಯಾವುದು?" ಎಂದು ನಾವು ಕೇಳಿದೆವು. ಹಲವರು ಸುಮ್ಮನಿದ್ದರು. ಒಬ್ಬ ಹುಡುಗಿ ಸಂಕೋಚದಿಂದ "ಮನೋಳಿಯಾ ಸಾರ್?" ಎಂದಳು. ಹಿಂದಿನ ಬೆಂಚಿನಿಂದ "ತೆಂಡ್ಲೆ" ಎಂದು ಒಂದು ಸ್ವರ ಬಂದಿತು. ಕಿಟಿಕಿಯ ಬಳಿಯಿಂದ "ಕೋವಕ್ಕ" ಎಂದು ಇನ್ನೊಂದು. ತುಳು, ಕೊಂಕಣಿ, ಮಲಯಾಳ ಮೂರೂ ಉತ್ತರ ಕೊಟ್ಟ ಮೇಲೆ ಪುಸ್ತಕದ ಕನ್ನಡಕ್ಕೆ ಅರ್ಥ ಬಂದಿತು. ಅಂದು ಪಾಠ ಅಲ್ಲಿಗೇ ನಿಂತಿತೆಂಬುದು ನಿಜ. ಆದರೆ ಒಂದೇ ಬಳ್ಳಿಗೆ ಒಂದೇ ಕೋಣೆಯಲ್ಲಿ ನಾಲ್ಕು ಹೆಸರುಗಳು ಹೇಗೆ ನಿಂತಿವೆ ಎಂಬ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಈ ಲೇಖನ ಅದರ ಫಲ.

ಗಡಿನಾಡಿನ ಇತಿಹಾಸವೆಂದರೆ ಶಾಸನ, ಕೋಟೆ, ಬಸದಿ, ದೇವಸ್ಥಾನಗಳ ಇತಿಹಾಸವೆಂದೇ ನಾವು ಸಾಮಾನ್ಯವಾಗಿ ತಿಳಿದಿದ್ದೇವೆ. ಅವು ಬೇಡವೆಂದಲ್ಲ. ಆದರೆ ಕಲ್ಲಿನ ಮೇಲೆ ಬರೆಯಿಸಿದವರು ಅರಸರು ಮತ್ತು ಧನಿಕರು. ದಿನವೂ ಉಂಡವರು ಏನನ್ನುಂಡರು, ಅದು ಎಲ್ಲಿಂದ ಬಂತು ಎಂಬುದನ್ನು ತಿಳಿಯಬೇಕಾದರೆ ತರಕಾರಿಯ ಹೆಸರನ್ನೂ ಅಡಿಗೆಯ ಕಟ್ಟುಪಾಡನ್ನೂ ಕೇಳಬೇಕಾಗುತ್ತದೆ. ಇವೂ ಆಧಾರಗಳೇ ಎಂಬುದು ನಮ್ಮ ಅಭಿಪ್ರಾಯ. ಒಂದು ಶಬ್ದದ ಬೆಲೆಯನ್ನು ಹಲವು ಭಾಷೆಗಳಲ್ಲಿ ಒರೆಗೆ ಹಚ್ಚಿ ನೋಡುತ್ತಿದ್ದ ರಾಷ್ಟ್ರಕವಿ ಗೋವಿಂದ ಪೈಗಳು (1883-1963) ಬಾಳಿದ ಊರಿನಲ್ಲಿ ಇದನ್ನು ಹೊಸತೆಂದು ಯಾರೂ ಹೇಳಲಾರರು.

ಕೆಲಸಕ್ಕೆ ಬೇಕಾದ ಉಪಕರಣಗಳೂ ದೂರದಲ್ಲಿಲ್ಲ. ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಮಾಫೇಯಿಯವರ ಇಂಗ್ಲಿಷ್-ಕೊಂಕಣಿ ನಿಘಂಟು 1883ರಲ್ಲಿ, ಮೆನ್ನರರ ತುಳು ನಿಘಂಟು 1886ರಲ್ಲಿ, ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದವು. ನಾಲ್ಕೂ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿಯೇ. ಅಂದರೆ ಮಂಜೇಶ್ವರದ ಒಂದು ಪೇಟೆಯಲ್ಲಿ ಕೇಳಬರುವ ನಾಲ್ಕು ಮಾತುಗಳನ್ನು ಇಪ್ಪತ್ತೆರಡು ವರ್ಷಗಳೊಳಗೆ ಒಂದೇ ಅಚ್ಚುಕೂಟ ಪುಸ್ತಕಕ್ಕಿಳಿಸಿತು.

ತೊಂಡೆಯನ್ನೇ ಮತ್ತೆ ನೋಡೋಣ. ಕನ್ನಡದ ತೊಂಡೆಗೂ ಕೊಂಕಣಿಯ ತೆಂಡ್ಲೆಗೂ ಮರಾಠಿಯ ತೋಂಡಲಿಗೂ ನಂಟು ಕಿವಿಗೇ ಕೇಳಿಸುತ್ತದೆ. ತೆಲುಗಿನಲ್ಲಿ ಅದು ದೊಂಡ. ಮಲಯಾಳದ ಕೋವಕ್ಕ ತಮಿಳಿನ ಕೋವೈಯೊಂದಿಗೆ ಸೇರುತ್ತದೆ. ತುಳುವಿನ ಮನೋಳಿ ಮಾತ್ರ ಎರಡು ಕಡೆಗೂ ಸೇರದೆ ನಿಲ್ಲುತ್ತದೆ. ಕನ್ನಡ ತುಳುಗಳು ಅಕ್ಕತಂಗಿಯರು, ಕೊಂಕಣಿ ಬೇರೆ ಕುಲದ್ದು ಎಂದು ನಾವು ವ್ಯಾಕರಣದಲ್ಲಿ ಕಲಿಸುತ್ತೇವೆ. ಸಂತೆಗೆ ಹೋದರೆ ಅಕ್ಕನ ಮಾತು ಪರರ ಮನೆಯ ಮಗಳ ಬಾಯಲ್ಲಿದೆ, ತಂಗಿಯ ಬಾಯಲ್ಲಿಲ್ಲ. ಹಾಗಲಕಾಯಿಯಲ್ಲಿ ಈ ಲೆಕ್ಕ ಬೇರೆಯಾಗುತ್ತದೆ. ಕನ್ನಡದ ಹಾಗಲವೂ ಮಲಯಾಳದ ಪಾವಲೂ ಒಂದೇ ಬೇರಿನವು, ಪಕಾರ ಹಕಾರವಾದುದಷ್ಟೇ ಭೇದ. ತುಳುವರಿಗೆ ಅದು ಕಂಚಾಲ್, ಕೊಂಕಣಿಗರಿಗೆ ಕಾರಾತೆ. ಒಂದು ಕಾಯಿಯ ಸಾಕ್ಷ್ಯದಿಂದ ಜನಾಂಗಗಳ ಇತಿಹಾಸ ಬರೆಯುವವರಿಗೆ ಎರಡನೆಯ ಕಾಯಿ ಒಳ್ಳೆಯ ಔಷಧ!

ಇನ್ನು ಹಳತು ಹೊಸತುಗಳನ್ನು ಬೇರ್ಪಡಿಸುವ ಬಗೆ. ಇದಕ್ಕೆ ನಮ್ಮ ಸೀಮೆಯಲ್ಲಿ ಒಂದು ಅಪೂರ್ವ ದಾಖಲೆಯಿದೆ. ಅದು ಶ್ರಾದ್ಧದ ಅಡಿಗೆ. ಹವ್ಯಕರ, ಶಿವಳ್ಳಿಯವರ ಮನೆಗಳಲ್ಲಿ ಆ ದಿನ ಒಲೆಯ ಬಳಿಗೆ ಬಟಾಟೆ ಬರುವುದಿಲ್ಲ, ಟೊಮೆಟೊ ಬರುವುದಿಲ್ಲ, ಎಲೆಕೋಸು ಬರುವುದಿಲ್ಲ. ಮುಖ್ಯವಾಗಿ ಮೆಣಸಿನಕಾಯಿ ಬರುವುದಿಲ್ಲ. ಖಾರಕ್ಕೆ ಒಳ್ಳೆಮೆಣಸೇ ಗತಿ. ಬಾಳೆಕಾಯಿ, ಹಾಗಲ, ಸೌತೆ, ಕೆಸು, ಸುವರ್ಣಗೆಡ್ಡೆ ಮೊದಲಾದವುಗಳಿಗೆ ಅಡ್ಡಿಯಿಲ್ಲ. ನಿಷೇಧಿಸಿದವರು ಭೂಗೋಳ ಓದಿದವರಲ್ಲ. ಆದರೂ ಅವರು ಹೊರಗಿಟ್ಟುದರಲ್ಲಿ ಬಹುಪಾಲು ಅಮೆರಿಕ ಖಂಡದಿಂದಲೋ ಯುರೋಪಿನಿಂದಲೋ ಹಡಗೇರಿ ಬಂದ ವಸ್ತುಗಳು. ತಾತಂದಿರು ಉಣ್ಣದಿದ್ದುದನ್ನು ತಾತಂದಿರಿಗೆ ಬಡಿಸಬಾರದೆಂಬ ಒಂದೇ ನಿಯಮದಿಂದ ಐದು ಶತಮಾನಗಳ ಹಿಂದಿನ ಅಡಿಗೆ ವರ್ಷಕ್ಕೊಮ್ಮೆ ಎಲೆಯ ಮೇಲೆ ಬರುತ್ತದೆ.

ಈ ಸಾಕ್ಷ್ಯಕ್ಕೂ ಮಿತಿಯುಂಟು. ನೀರುಳ್ಳಿ, ಬೆಳ್ಳುಳ್ಳಿಗಳು ಪ್ರಾಚೀನವೇ, ಅವುಗಳನ್ನು ಹೊರಗಿಟ್ಟುದಕ್ಕೆ ಕಾರಣ ಬೇರೆ. ಇನ್ನೊಂದು ಕಡೆ ಅಲಸಂಡೆಯಿದೆ, ತುಳುವಿನ ಲತ್ತಂಡೆ. ಇದರ ತವರು ಆಫ್ರಿಕ. ಬೆಂಡೆಯ ತವರೂ ಅದೇ ಎಂದು ಬಹುಮಂದಿ ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಅಲಸಂಡೆಯಂತೂ ಇಲ್ಲಿಗೆ ಬಂದು ಎಷ್ಟು ಕಾಲವಾಯಿತೆಂದರೆ, ಅದು ಪರದೇಶದ್ದೆಂಬ ನೆನಪು ಯಾವ ಭಾಷೆಯಲ್ಲಿಯೂ ಉಳಿದಿಲ್ಲ.

ಮೆಣಸಿನ ಕತೆಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಕ್ರಿ. ಶ. 1342ರ ಸುಮಾರಿಗೆ ಇಬ್ನ್ ಬತೂತ ಹೊನ್ನಾವರದಲ್ಲಿ ಸುಲ್ತಾನನ ಪಂಕ್ತಿಯಲ್ಲಿ ಉಂಡುದನ್ನು ಬರೆದಿಟ್ಟಿದ್ದಾನೆ. ಅನ್ನ, ಅದರ ಮೇಲೆ ತುಪ್ಪ, ಮಗ್ಗುಲಲ್ಲಿ ಒಳ್ಳೆಮೆಣಸಿನ ಗೊನೆ, ಹಸಿ ಶುಂಠಿ, ನಿಂಬೆ, ಮಾವು ಇವುಗಳ ಉಪ್ಪಿನಕಾಯಿ, ಕೋಳಿ, ಮೀನು, ಆಮೇಲೆ ತುಪ್ಪದಲ್ಲಿ ಬೇಯಿಸಿದ ತರಕಾರಿ, ಕೊನೆಗೆ ಮೊಸರು. ಅವನು ಅಲ್ಲಿಂದ ಮಂಗಳೂರಿಗೂ, ಮುಂದೆ ಏಳಿಮಲೆಯ ಕಡೆಗೂ ಸಾಗಿದ. ನಮ್ಮ ಕಡಲ ಕರೆ ಈ ಎರಡರ ನಡುವಿನದು. ಮೊಸರಿನಿಂದ ಊಟ ಮುಗಿಸುವ ಕ್ರಮ ಇಂದಿಗೂ ಬದಲಾಗಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅದಕ್ಕೂ ಹಿಂದೆ, 1025ರ ಸುಮಾರಿನ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಪಾಕವಿಷಯ ಉಂಟು. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವನ್ನು ಬರೆದು ಬದನೆ, ಬಾಳೆ, ಹಲಸುಗಳ ಪಾಕಗಳನ್ನು ಷಟ್ಪದಿಯಲ್ಲಿ ಹೇಳಿದ. ಇವರಾರಿಗೂ ಮೆಣಸಿನಕಾಯಿಯ ಪರಿಚಯವಿರಲಿಲ್ಲ.

ಕೊಲಂಬಸನು 1492ರಲ್ಲಿ ಅಮೆರಿಕದ ದ್ವೀಪಗಳನ್ನು ಮುಟ್ಟಿದ; ವಾಸ್ಕೊ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ; 1510ರಲ್ಲಿ ಗೋವೆ ಪೋರ್ಚುಗೀಸರ ಕೈಸೇರಿತು. ಆ ಹಡಗುಗಳ ದಾರಿಯಿಂದ ಬಂದ ಹೊಸ ಕಾಯಿ ಹಳೆಯ ಮೆಣಸಿನ ಕೆಲಸವನ್ನೂ ಹೆಸರನ್ನೂ ಕಿತ್ತುಕೊಂಡಿತು. ಆಗ ಹಳತನ್ನು ಏನೆಂದು ಕರೆಯಬೇಕು? ಕನ್ನಡದವರು ಒಳ್ಳೆಮೆಣಸು ಎಂದರು, ತುಳುವರು ಎಡ್ಡೆಮುಂಚಿ ಎಂದರು, ಮಲಯಾಳಿಗಳು ನಲ್ಲಮುಳಕ್ ಎಂದರು. ಮೂರೂ ಒಂದೇ ಅರ್ಥ. ಅನುವಾದ ಸಮಿತಿಯನ್ನು ಕೂಡಿಸದೆ ನಡೆದ ಅನುವಾದವಿದು. ಊರಿನ ಹಿರಿಯನ ಸ್ಥಾನ ಹೋಗಿ ಮರ್ಯಾದೆ ಮಾತ್ರ ಉಳಿದಂತಿದೆ ಈ 'ಒಳ್ಳೆ' ಎಂಬ ವಿಶೇಷಣ.

ಹೊಸ ಕಾಯಿಗೂ ಮಲಯಾಳದಲ್ಲಿ ಬೇರೊಂದು ಹೆಸರಿತ್ತು, ಕಪ್ಪಲ್ ಮುಳಕ್, ಹಡಗಿನ ಮೆಣಸು. ಇದರ ಸಾಕ್ಷ್ಯ ದೊರೆಯುವುದು ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ಒಂದು ಲ್ಯಾಟಿನ್ ಗ್ರಂಥದಲ್ಲಿ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ 'ಹೋರ್ಟುಸ್ ಮಲಬಾರಿಕುಸ್' 1678ರಿಂದ 1693ರ ವರೆಗೆ 12 ಸಂಪುಟಗಳಲ್ಲಿ ಹೊರಬಂದಿತು. ಅದಕ್ಕೆ ನೆರವಾದವರು ಇಟ್ಟಿ ಅಚ್ಚುದನ್ ಎಂಬ ಮಲಯಾಳಿ ವೈದ್ಯ, ಮತ್ತು ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರು. ಈ ಮೂವರ ಕೊಂಕಣಿ ಸಾಕ್ಷಿಪತ್ರವೇ ನಾಗರೀ ಲಿಪಿಯಲ್ಲಿ ಮೊದಲ ಸಂಪುಟದಲ್ಲಿ ಅಚ್ಚಾಗಿದೆ. ಮಂಜೇಶ್ವರದ ಅನಂತೇಶ್ವರನ ಸನ್ನಿಧಿಯಲ್ಲಿ ಕೇಳಿಬರುವ ಕೊಂಕಣಿಗೆ ಅದು ಹತ್ತಿರದ ನಂಟು. ಮೆಣಸಿನಕಾಯಿ ಅಲ್ಲಿ 'ಕಾಪೊ ಮೊಲಾಗೊ' ಆಗಿದೆ, ಗೇರು 'ಕಾಪ ಮಾವ'. ಪಡುವಲವು 'ಪಡವಲಂ', ತೊಂಡೆ 'ಕೋವೆಲ್', ಹಾಗಲ 'ಪಾವೆಲ್'. ನಮ್ಮ ತರಗತಿಯ ಕಿಟಿಕಿಯ ಬಳಿಯ ಹುಡುಗ ಹೇಳಿದ ಮಾತೇ ಡಚ್ಚರ ಕಿವಿಯಲ್ಲಿ ಹಾಯ್ದು ಪುಟವೇರಿದೆ.

ಇದರ 7ನೆಯ ಸಂಪುಟದಲ್ಲಿರುವ ಒಂದು ಚಿತ್ರವನ್ನು ನಾವು ಮರೆಯಲಾರೆವು. ದಪ್ಪ ಎಲೆ, ನೀರುಂಡ ದಂಟು, ಗೊಂಚಲು ಕಾಯಿ, ಹೆಸರು 'ಬಾಸೆಲ್ಲ'. ಬಾವಿಕಟ್ಟೆಯ ಬದಿಯ ಚಪ್ಪರದಲ್ಲಿ ಬೆಳೆಯುವ ನಮ್ಮ ಬಸಳೆಯೇ ಅದು! ಸ್ವೀಡನಿನ ಲಿನೇಯಸ್ ಪಂಡಿತ 1753ರಲ್ಲಿ ಲೋಕದ ಗಿಡಗಳಿಗೆಲ್ಲ ಹೆಸರಿಡಲು ಹೊರಟಾಗ ಈ ಹೆಸರನ್ನೇ ಕುಲನಾಮವಾಗಿ ಎತ್ತಿಕೊಂಡ. ಅಂದಿನಿಂದ ಚೀನದಲ್ಲಿ ಬೆಳೆದರೂ, ಫಿಲಿಪ್ಪೀನ್ಸಿನಲ್ಲಿ ಬೆಳೆದರೂ, 'ಪುಂಯಿ' ಎಂದು ವಂಗೀಯರು ಕರೆದರೂ, ಶಾಸ್ತ್ರದಲ್ಲಿ ಅದು ಬಾಸೆಲ್ಲವೇ. ಈ ಕರಾವಳಿಯ ಹಿತ್ತಿಲ ಮಾತೊಂದು ಲೋಕದ ಸಸ್ಯಶಾಸ್ತ್ರದಲ್ಲಿ ನಿಂತಿದೆ. ಅಜ್ಜಿಯಂದಿರಿಗೆ ಇದನ್ನು ಹೇಳಿದರೆ ಅವರಿಗೆ ವಿಶೇಷವೆನಿಸಲಿಲ್ಲ, "ಬಸಳೆಗೆ ಬಸಳೆ ಎನ್ನದೆ ಮತ್ತೇನೆನ್ನುತ್ತಾರೆ?" ಎಂದು ಒಬ್ಬರು ನಮ್ಮನ್ನೇ ಕೇಳಿದರು.

ಕಡಲಿನ ನೆನಪು ಇನ್ನೂ ಹಲವು ಹೆಸರುಗಳಲ್ಲಿದೆ. ಪೋರ್ಚುಗೀಸರ 'ಬಟಾಟ' ನಮ್ಮ ಕರಾವಳಿಯಲ್ಲಿ ಬಟಾಟೆಯಾಗಿ ನಿಂತಿತು. ಘಟ್ಟ ಹತ್ತಿದೊಡನೆ ಅದು ಆಲೂಗಡ್ಡೆ. ಪಪ್ಪಾಯಿ ಇಲ್ಲಿ ಬಪ್ಪಂಗಾಯಿ, ಘಟ್ಟದ ಮೇಲೆ ಪರಂಗಿ, ತೆಂಕಣದಲ್ಲಿ ಕಪ್ಪಳಙ. ಬದನೆಯ ಪ್ರವಾಸ ಇದಕ್ಕೆ ವಿರುದ್ಧವಾದುದು. ಅದು ಈ ನಾಡಿನದೇ. ಹೆಸರು ಪಾರಸಿ, ಅರಬಿಗಳಲ್ಲಿ ಸುತ್ತಿ ಪೋರ್ಚುಗಲ್ಲಿಗೆ ಹೋಗಿ, ಅಲ್ಲಿಂದ 'ಬ್ರಿಂಜಾಲ್' ಆಗಿ ನಮ್ಮ ಶಾಲೆಯ ಇಂಗ್ಲಿಷ್ ಪಾಠಕ್ಕೆ ಮರಳಿತು. ಉಡುಪಿಯ ಬಳಿಯ ಮಟ್ಟುವಿನ ಗುಳ್ಳವನ್ನು ವಾದಿರಾಜರ ಪ್ರಸಾದವೆಂದು ಭಾವಿಸುವ ಜನಕ್ಕೆ ಈ ಪ್ರವಾಸದ ಚಿಂತೆಯಿಲ್ಲ.

ಹೆಸರನ್ನು ನಂಬಿ ಮೋಸಹೋಗುವುದೂ ಉಂಟು. ಸಿಹಿಗುಂಬಳಕ್ಕೆ ನಮ್ಮಲ್ಲಿ ಚೀನಿಕಾಯಿ ಎನ್ನುತ್ತಾರೆ, ಆದರೆ ಅದರ ತವರು ಅಮೆರಿಕ. ಜನ ಹೆಸರಿಟ್ಟುದು ತಂದವರನ್ನು ಅಥವಾ ತಂದವರೆಂದು ತಾವು ತಿಳಿದವರನ್ನು ನೋಡಿ, ಬೆಳೆದ ನೆಲವನ್ನು ನೋಡಿ ಅಲ್ಲ. ಜೀಗುಜ್ಜೆಯ ಮಟ್ಟಿಗೆ ಊಹೆ ಸರಿಯಾಗಿದೆ. ತುಳುವಿನ ದೀಗುಜ್ಜೆ ಮತ್ತು ಕನ್ನಡದ ದೀವಿಹಲಸು ಎರಡರಲ್ಲಿಯೂ ದ್ವೀಪವಿದೆ. ಮಲಯಾಳದ ಕಡಚಕ್ಕದಲ್ಲಿ ಕಡಲಿದೆ, ಶೀಮಚಕ್ಕದಲ್ಲಿ ಪರದೇಶವಿದೆ. ಕೊಂಕಣಿಗರು ಮಾತ್ರ ಜೀವಕಡ್ಗಿ ಎಂದು ದ್ವೀಪವನ್ನು ಜೀವವಾಗಿಸಿದಂತೆ ತೋರುತ್ತದೆ. ನಿಜಕ್ಕೂ ಅದು ಶಾಂತಸಾಗರದ ದ್ವೀಪಗಳ ಮರ. ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳ ಗುಲಾಮರಿಗೆ ಅಗ್ಗದ ಆಹಾರವಾಗಲೆಂದು ಇದರ ಸಸಿಗಳನ್ನು ಟಾಹಿಟಿಯಿಂದ ಒಯ್ಯುತ್ತಿದ್ದ 'ಬೌಂಟಿ' ಹಡಗಿನಲ್ಲಿ 1789ರಲ್ಲಿ ದಂಗೆಯೆದ್ದು, ಸಸಿಗಳು ಸಮುದ್ರದ ಪಾಲಾದವು. 1793ರಲ್ಲಿ ಬೇರೊಂದು ಹಡಗಿನಲ್ಲಿ ಸಸಿಗಳು ತಲುಪಿದಾಗ ಗುಲಾಮರು ಅದನ್ನು ಬಹುಕಾಲ ಬಾಯಿಗಿಡಲಿಲ್ಲವಂತೆ. ಒತ್ತಾಯದಿಂದ ಬಂದುದನ್ನು ಅಲ್ಲಿಯವರು ಒಲ್ಲೆನೆಂದರು. ಇಲ್ಲಿ ಅದನ್ನು ಹೇರಿದವರಿಲ್ಲ. ನಮ್ಮ ಹೆಂಗಸರು ಗುಜ್ಜೆಯ ಜಾತಿಗೆ ಅದನ್ನು ಸೇರಿಸಿ, ಪೋಡಿ ಮಾಡಿ, ಹುಳಿ ಮಾಡಿ, ಮನೆಯದಾಗಿಸಿಕೊಂಡರು.

ಇಷ್ಟು ಹೊರಗಿನಿಂದ ಬಂದವುಗಳ ಮಾತಾಯಿತು. ಬಡವರ ಹೊಟ್ಟೆಯನ್ನು ನಿಜವಾಗಿ ಕಾದುದು ಹಿತ್ತಿಲು ಮತ್ತು ಗುಡ್ಡ. ತುಳುವರ ಆಟಿ, ಮಲಯಾಳಿಗಳ ಕರ್ಕಡಗಂ, ಎರಡೂ ಒಂದೇ ಸೌರಮಾಸ. ಸುಮಾರು ಜುಲೈ ನಡುವಿನಿಂದ ಆಗಸ್ಟ್ ನಡುವಿನ ವರೆಗೆ. ಕಣಜ ಬರಿದಾಗಿ, ಕೆಲಸವಿಲ್ಲದೆ, ಮಳೆ ಬಿಡದೆ ಹೊಡೆಯುವ ಆ ದಿನಗಳಲ್ಲಿ ತುಳುವರು ತಜಂಕ್, ತಿಮರೆ, ಕಣಿಲೆ, ಕೆಸುವಿನ ಎಲೆಗಳನ್ನು ತಂದರು. ತೆಂಕಣದವರು ಹತ್ತು ಬಗೆಯ ಸೊಪ್ಪು ಕೂಡಿಸಿ 'ಪತ್ತಿಲ' ಎಂದರು. ತಜಂಕಿಗೆ ಅನೇಕ ಕಡೆ ಕಳೆಯೆಂದೇ ಹೆಸರು. ಚಂದ್ರಗಿರಿ ಹೊಳೆಯ ಆಚೆ ಈಚೆ ಹಸಿವಿನ ತಿಂಗಳು ಒಂದೇ, ಮದ್ದೂ ಹೆಚ್ಚುಕಡಿಮೆ ಒಂದೇ.

ಪತ್ರೊಡೆಯನ್ನೇ ತೆಗೆದುಕೊಳ್ಳಿ. ಕೆಸುವಿನ ಎಲೆಯ ತುರಿಕೆಗೆ ಕಾರಣ ಅದರಲ್ಲಿರುವ ಸುಣ್ಣದ ಆಕ್ಸಲೇಟ್ ಎಂಬ ಲವಣದ ಸೂಜಿಯಂತಹ ಹರಳುಗಳೆಂದು ರಸಾಯನಶಾಸ್ತ್ರ ಹೇಳುತ್ತದೆ. ಹುಣಿಸೆಹುಳಿ ಹಚ್ಚಿ, ಚೆನ್ನಾಗಿ ಬೇಯಿಸಿ ಅದನ್ನು ಅಡಗಿಸುವ ಉಪಾಯ ಆ ಶಾಸ್ತ್ರ ಹುಟ್ಟುವ ಮೊದಲೇ ಇಲ್ಲಿಯ ಒಲೆಗಳಿಗೆ ತಿಳಿದಿತ್ತು. ಶಾಂತಸಾಗರದ ಸಮೋವ ದ್ವೀಪದವರು ಇದೇ ಎಲೆಯಲ್ಲಿ ತೆಂಗಿನ ಹಾಲನ್ನು ಸುತ್ತಿ ಬೇಯಿಸಿ 'ಪಾಲುಸಾಮಿ' ಎನ್ನುತ್ತಾರೆ. ಕೆಸುವೂ ತೆಂಗೂ ಇರುವ ಕಡೆ ಮನುಷ್ಯನ ಬುದ್ಧಿ ಒಂದೇ ದಾರಿ ಹಿಡಿಯಿತೆಂದು ತೋರುತ್ತದೆ.

ಕುನೂರಿನ ಪ್ರಯೋಗಾಲಯದಿಂದ ಆಕ್ರಾಯ್ಡ್ ಅವರು 1937ರಲ್ಲಿ ಭಾರತದ ಆಹಾರಗಳ ಪೌಷ್ಟಿಕತೆಯ ಕೋಷ್ಟಕಗಳನ್ನು ಪ್ರಕಟಿಸಿದ ಮೇಲೆ, ಸೊಪ್ಪು ಬಡವರ ತಿನಿಸೆಂಬ ಅವಜ್ಞೆಗೆ ಶಾಸ್ತ್ರದ ಆಧಾರವಿಲ್ಲದಾಯಿತು. ಹರಿವೆ, ನುಗ್ಗೆಯ ಸೊಪ್ಪುಗಳಲ್ಲಿ ಎ ಜೀವಸತ್ತ್ವವಾಗಿ ಮಾರ್ಪಡುವ ಅಂಶ ಧಾರಾಳವಾಗಿದೆ. ಇರುಳುಗುರುಡಿನಿಂದ ಮಕ್ಕಳನ್ನು ಕಾಯುವುದು ಅದೇ. ಅದು ಮೈಗೆ ಹತ್ತಬೇಕಾದರೆ ಜೊತೆಗೆ ಸ್ವಲ್ಪ ಜಿಡ್ಡು ಬೇಕು. ಪಲ್ಯಕ್ಕೆ ತೆಂಗಿನಕಾಯಿಯ ಸುಳಿ ಹಾಕುವ ನಮ್ಮ ರೂಢಿ ಕೇವಲ ರುಚಿಗಾಗಿ ಎಂದುಕೊಂಡಿದ್ದವರು ಇದನ್ನು ಯೋಚಿಸಬೇಕು. ದಿನಕ್ಕೆ 400 ಗ್ರಾಮಿನಷ್ಟಾದರೂ ಹಣ್ಣು ತರಕಾರಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಮಕ್ಕಳ ಬುತ್ತಿಗಳನ್ನು ನೋಡಿದ ಅಧ್ಯಾಪಕರಿಗೆ ಆ ಅಂಕಿ ಎಷ್ಟು ದೂರವೆಂಬುದು ಗೊತ್ತು.

ಬೇಸಾಯದ ಬಗ್ಗೆ ಎರಡು ಮಾತು ಸಾಕು. 1801ರಲ್ಲಿ ಮಲಬಾರಿನಿಂದ ಕನ್ನಡ ಜಿಲ್ಲೆಗೆ ಬಂದ ಬುಕಾನನ್ ಬಯಲು, ಮಜಲು, ಬೆಟ್ಟು ಎಂಬ ಗದ್ದೆಯ ವಿಭಾಗಗಳನ್ನು ಬರೆದುಕೊಂಡಿದ್ದಾನೆ. ಏಣೆಲು, ಸುಗ್ಗಿ ಮುಗಿದ ಗದ್ದೆಯಲ್ಲಿ, ಕೆರೆಯ ನೀರು ಸಿಕ್ಕುವ ಕಡೆ, ಸುಡುಮಣ್ಣು ಹಾಕಿ ಸೌತೆ, ಹರಿವೆ, ಅಲಸಂಡೆಗಳ ನಟ್ಟಿಕಾಯಿ ಸಾಲು ಮಾಡುತ್ತಿದ್ದರು. ಆ ಸೌತೆಯನ್ನು ಸಸ್ಯಶಾಸ್ತ್ರ ಮುಳ್ಳುಸೌತೆಯ ಜಾತಿಗಲ್ಲ, ಕರಬೂಜದ ಜಾತಿಗೆ ಸೇರಿಸುತ್ತದೆ. ಮಳೆಗಾಲಕ್ಕೆಂದು ಅದನ್ನು ಬಾಳೆಯ ನಾರಿನಲ್ಲಿ ಕಟ್ಟಿ ಅಟ್ಟದ ಪಕ್ಕಾಸುಗಳಿಗೆ ತೂಗಹಾಕುತ್ತಿದ್ದರು. ಹೊಂಬಣ್ಣದ ಅದೇ ಕಾಯಿ ತುಳುವರ ಬಿಸುಕಣಿಯಲ್ಲಿಯೂ ಮಲಯಾಳಿಗಳ ವಿಷುಕಣಿಯಲ್ಲಿಯೂ ಕನ್ನಡಿಯ ಮುಂದೆ ಕೂರುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದುದರ ನೋವು ನಮ್ಮಲ್ಲಿ ಇನ್ನೂ ಆರಿಲ್ಲ. ಅದು ಬೇರೆಯೇ ಚರ್ಚೆ. ಕಣಿಯ ತಟ್ಟೆಯನ್ನು ಮಾತ್ರ ಆ ಗೆರೆ ಎರಡು ಮಾಡಲಿಲ್ಲ.

ಎರಡು ಮಾಡಿದುದು, ಅಥವಾ ಬರಿದು ಮಾಡಿದುದು ಬೇರೆ. ಹಡಗಿನ ಮಾವೆಂದು ಬಂದ ಗೇರು ನಮ್ಮ ಗುಡ್ಡಗಳ ಮೇಲೆ ಸರಕಾರಿ ಸ್ವಾಮ್ಯದ ವಿಸ್ತಾರವಾದ ತೋಟಗಳಾಯಿತು. 1970ರ ದಶಕದ ಕೊನೆಯಿಂದ 2000ದ ವರೆಗೆ ಆ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಎಣ್ಮಕಜೆಯ ಮನೆಗಳೂ ಸುರಂಗದ ನೀರೂ ಬಸಳೆಯ ಚಪ್ಪರಗಳೂ ಅದೇ ಇಳಿಜಾರಿನಲ್ಲಿದ್ದವು. ಅಲ್ಲಿ ಹುಟ್ಟಿದ ಮಕ್ಕಳ ಸ್ಥಿತಿಯನ್ನು ನಮ್ಮ ಶಾಲೆಗಳು ಕಂಡಿವೆ. ಬರೆದು ಹೇಳುವ ಅಗತ್ಯವಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆಯಿತು. ಆ ವರ್ಷಗಳಲ್ಲಿ ಗುಡ್ಡದ ಸೊಪ್ಪು ಕೊಯ್ಯುವುದನ್ನು ಬಿಟ್ಟೆವು, ಆಮೇಲೆ ಮತ್ತೆ ಹಿಡಿಯಲಿಲ್ಲ ಎಂದು ನಮಗೆ ಹೇಳಿದ ತಾಯಂದಿರಿದ್ದಾರೆ. ಕೊಯ್ಯದ ಸೊಪ್ಪಿನ ಹೆಸರು ಮಗಳಿಗೆ ಬರುವುದಿಲ್ಲ. ಈಗ ಹೊಸಂಗಡಿಯ ಅಂಗಡಿಗಳಿಗೆ ತರಕಾರಿ ಲಾರಿಯಲ್ಲಿ ಘಟ್ಟದ ಮೇಲಿನಿಂದ ಬರುತ್ತದೆ, ಅದರ ಹೆಸರುಗಳೂ ಲಾರಿಯಲ್ಲಿಯೇ ಬರುತ್ತವೆ.

ಮನೋಳಿ ಎಂದು ಉತ್ತರ ಕೊಟ್ಟ ಆ ಹುಡುಗಿ ವಾರದ ಮೇಲೆ ಒಂದು ಹಾಳೆ ತಂದುಕೊಟ್ಟಳು. ಅವಳ ಅಜ್ಜಿ ಹೇಳಿ ಬರೆಯಿಸಿದ 17 ಸೊಪ್ಪುಗಳ ಹೆಸರು, ತುಳುವಿನಲ್ಲಿ, ಕನ್ನಡ ಲಿಪಿಯಲ್ಲಿ. 12ನ್ನು ನಾವು ಗುರುತಿಸಿದೆವು. 3ನ್ನು ನೆರೆಯ ಶಾಲೆಯ ಹಿರಿಯ ಅಧ್ಯಾಪಿಕೆಯೊಬ್ಬರು ಗುರುತಿಸಿದರು. ಉಳಿದ 2 ಗಿಡಗಳನ್ನು ತೋರಿಸಬಲ್ಲವರು ಆ ಅಜ್ಜಿಯೊಬ್ಬರೇ. ಮೊದಲ ಮಳೆ ಬಿದ್ದು ಗುಡ್ಡ ಚಿಗುರಿದ ಮೇಲೆ ಬನ್ನಿ, ಈಗ ಎಲ್ಲವೂ ಒಣಗಿದೆ ಎಂದು ಅವರು ಹೇಳಿ ಕಳುಹಿಸಿದ್ದಾರೆ.